ಕತ್ತರಿಗೆಂದೇ ಬರೆದ ಸೇತುವೆ

ನಮ್ಮ ಚಿಕ್ಕಪ್ಪ ಲೋಕೋಪಯೋಗಿ ಇಲಾಖೆಯಲ್ಲಿ ಗುಮಾಸ್ತ. ಒಂದು ಮೋರಿಯನ್ನೂ ಕಟ್ಟಿಸಿದವನಲ್ಲ, ಆದರೂ ಕಚೇರಿಯಲ್ಲಿ ಅವನ ಹೆಸರು ಸೇತುವೆಯಪ್ಪ.

ಬಜೆಟ್ಟಿಗೆ ಬೇಡಿಕೆ ಕಳಿಸುವಾಗ ಅಲ್ಲಿ ಪ್ರತಿ ಇಲಾಖೆಯೂ ಒಂದು ಹರಕೆಯ ಕುರಿಯನ್ನು ಸೇರಿಸುತ್ತದೆ. ಏನಾದರೂ ಕತ್ತರಿಸದಿದ್ದರೆ ಹಣಕಾಸಿನವರಿಗೆ ಉಂಡ ಅನ್ನ ಅರಗುವುದಿಲ್ಲ. ಬಜೆಟ್ಟಿನ ಯಾವ ಬಾಬನ್ನಾದರೂ ಹೊಡೆದುಹಾಕಬಲ್ಲ ದೇಶದ ಅಧ್ಯಕ್ಷರಿಗೂ ದುಂದುವೆಚ್ಚ ತಡೆದೆ ಎಂದು ಭಾಷಣದಲ್ಲಿ ಎದೆ ತಟ್ಟಿಕೊಳ್ಳಲು ಏನಾದರೂ ಬೇಕು. ದೊಡ್ಡದೊಂದನ್ನು ಅವರ ಕತ್ತರಿಗೆ ಒಡ್ಡಿದರೆ ರಸ್ತೆ, ಚರಂಡಿಗಳು ಉಳಿದುಕೊಳ್ಳುತ್ತವೆ. ಈ ಇಲಾಖೆಯ ಕುರಿ ನದಿಯ ಸೇತುವೆ. ಪ್ರತಿ ವರ್ಷ ಅದನ್ನು ಟೈಪ್ ಮಾಡುತ್ತಿದ್ದವನು ಚಿಕ್ಕಪ್ಪ.

ನದಿಯಾಚೆ ಅವನ ಅಕ್ಕ, ಅಂದರೆ ನನ್ನ ಅತ್ತೆ, ಇದ್ದಳು. ತಾಯಿಯಿಲ್ಲದ ಅವನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು. ಆಚೆಗೆ ದೋಣಿಯೊಂದೇ ದಾರಿ. ಅತ್ತೆಗೆ ಮಂಡಿನೋವು, ದೋಣಿ ಹತ್ತಲಾರಳು. ಚಿಕ್ಕಪ್ಪ ಚಿಕ್ಕವನಿದ್ದಾಗ ದೋಣಿ ಮಗುಚಿ ಹೇಗೋ ಬದುಕಿದವನು, ಅಂದಿನಿಂದ ದೋಣಿಗೆ ಕಾಲಿಟ್ಟವನಲ್ಲ. ಮಧ್ಯಾಹ್ನ ಕಚೇರಿಯ ಹಿಂದಿನ ಮೆಟ್ಟಿಲ ಮೇಲೆ ಕೂತು ಆ ದಡವನ್ನೇ ನೋಡುತ್ತಿದ್ದ. ಊಟದ ಡಬ್ಬಿ ಎಷ್ಟೋ ಸಲ ಹಾಗೇ ಮನೆಗೆ ಬರುತ್ತಿತ್ತು. ಅಕ್ಕನ ಹಂಬಲ ಅವನನ್ನು ಒಳಗೊಳಗೇ ತಿನ್ನುತ್ತಿತ್ತು.

"ಕತ್ತರಿಸ್ತಾರೆ ಅಂತ ಗೊತ್ತಿದ್ದೂ ಯಾಕೆ ಅಷ್ಟು ಮುತುವರ್ಜಿಯಿಂದ ಬರೀತೀಯಾ?" ಎಂದು ನಾನು ಕೆಣಕಿದರೆ, "ಬರೆಯೋವಾಗಲಾದ್ರೂ ಒಂದ್ಸಲ ಆಚೆ ಹೋಗಿ ಬರ್ತೀನಲ್ಲಮ್ಮಾ," ಅನ್ನುತ್ತಿದ್ದ.

ಆ ವರ್ಷ ಅಧ್ಯಕ್ಷರ ಚುನಾವಣೆ. ಶಾಸನಸಭೆ ಎದುರು ಪಕ್ಷದ ಕೈಯಲ್ಲಿತ್ತು. ಅವರು ಬೇಕೆಂದೇ ಸೇತುವೆಯನ್ನು ಮುಟ್ಟದೆ ಪಾಸು ಮಾಡಿ ಅಧ್ಯಕ್ಷರ ಮುಂದಿಟ್ಟರು. ಕತ್ತರಿಸಿದರೆ ಆಚೆ ದಡದ ಓಟು ಹೋಯಿತು, ಬಿಟ್ಟರೆ ಮಿತವ್ಯಯದ ಹೆಸರು ಹೋಯಿತು. ಅಧ್ಯಕ್ಷರೇನು ಹಾಲು ಕುಡಿಯುವ ಮಗುವೇ? ಓಟನ್ನೇ ಆರಿಸಿಕೊಂಡು ಸಹಿ ಹಾಕಿದರು.

ಚಿಕ್ಕಪ್ಪ ಓಡೋಡಿ ಬಂದು ಅತ್ತೆಗೆ ಫೋನ್ ಮಾಡಿದ. "ಅಕ್ಕಾ, ಸೇತುವೆ ಬಂತು! ಕಾರಲ್ಲಿ ಬಂದು ನಿನ್ನನ್ನ ಕರ್ಕೊಂಡು ಬರ್ತೀನಿ!" ಅಳುತ್ತಲೇ ನಗುತ್ತಿದ್ದ. ಅವನನ್ನು ಅಷ್ಟು ಖುಷಿಯಲ್ಲಿ ನಾನು ಇನ್ನೆಂದೂ ನೋಡಲಿಲ್ಲ.

ಮರುದಿನ ಮೇಲಿನವರು ನಕ್ಷೆ ಕೇಳಿದರು. ನಕ್ಷೆ ಎಲ್ಲಿತ್ತು? ಹೇಗೂ ಹೊಡೆದುಹಾಕುತ್ತಾರೆಂದು ಯಾರೂ ಮಣ್ಣು ಪರೀಕ್ಷೆ ಮಾಡಿಸಿರಲಿಲ್ಲ, ಕಂಬ ಎಲ್ಲಿ ನಿಲ್ಲಬೇಕೆಂದು ನದಿಯ ಕಡೆ ತಿರುಗಿಯೂ ನೋಡಿರಲಿಲ್ಲ. ನಕ್ಷೆ ಎಲ್ಲಿ ಎಂದು ಚಿಕ್ಕಪ್ಪನೂ ಕೇಳಿರಲಿಲ್ಲ. ಎಂಥ ಬುದ್ಧಿವಂತರ ಕಚೇರಿ ನೋಡಿ! ನಕ್ಷೆ ಮುಗಿಯುವಷ್ಟರಲ್ಲಿ ಆರ್ಥಿಕ ವರ್ಷವೇ ಮುಗಿದು, ಖರ್ಚಾಗದ ಹಣ ಖಜಾನೆಗೆ ವಾಪಸ್ ಹೋಯಿತು. ಗೆದ್ದ ಅಧ್ಯಕ್ಷರು ಮತ್ತೆ ಮಿತವ್ಯಯದ ಮಾತು ಶುರುಮಾಡಿದರು.

ಅತ್ತೆಗೆ ಹೇಳಲು ಚಿಕ್ಕಪ್ಪನಿಗೆ ಬಾಯಿ ಬರಲಿಲ್ಲ. ಒಂದು ಸಂಜೆ ಅವಳೇ ಫೋನ್ ಮಾಡಿದಳು. ನಾನು ಪಕ್ಕದಲ್ಲೇ ಇದ್ದೆ.

"ದಿನಾ ದಡಕ್ಕೆ ಬಂದು ಕೂರ್ತಿದೀನಿ ಕಣೋ ತಮ್ಮಾ. ಸೇತುವೆ ಯಾವ ಕಡೆಯಿಂದ ಬರುತ್ತೆ ಹೇಳು, ಆ ಕಡೆ ಮುಖ ಮಾಡಿ ಕೂರ್ತೀನಿ."

ಚಿಕ್ಕಪ್ಪ ನನ್ನ ಮುಖ ನೋಡಿದ.

"ನೇರಕ್ಕೇ ನೋಡ್ತಿರಕ್ಕಾ," ಅಂದ, "ನಾನಿರೋ ಕಡೆ."