ಮೈಕಕ್ಕನ ಮೊರೆ

ನಮ್ಮ ಕಂಟ್ರೋಲ್ ರೂಮಿನ ಮೈಕಕ್ಕನಿಗೆ ಹೆತ್ತವರು ಇಟ್ಟ ಹೆಸರು ಬೇರೆ ಇತ್ತು. ಹಾಗೆ ಕರೆದರೆ ಅವಳೇ ತಿರುಗಿ ನೋಡುತ್ತಿರಲಿಲ್ಲ. ವಯರ್‌ಲೆಸ್ ಮುಂದೆ ಕೂತು ಕೂತು ಗಂಟಲು ಗಡುಸಾಗಿತ್ತು. ಮಾತು ಕಡ್ಡಿ ಮುರಿದ ಹಾಗೆ. ಸಾಹೇಬರಿಗೂ ಅವಳನ್ನು ಕಂಡರೆ ಒಳಗೊಳಗೇ ಅಳುಕು. ಪಕ್ಕದ ಮೇಜಿನಲ್ಲಿ ಫೋನ್ ಎತ್ತುವ ಕೆಲಸ ನನ್ನದು; ಬೈಗುಳದಲ್ಲಿ ಸಿಂಹಪಾಲೂ ನನ್ನದೇ.

ಇಂಥವಳು ಡ್ಯೂಟಿಗೆ ಕೂರುವ ಮುನ್ನ ಮೈಕು ಆಫ್ ಇದೆಯೇ ಎಂದು ನೋಡಿ, ಕಣ್ಣು ಮುಚ್ಚಿ, "ಒಂದು ಚೆನ್ನಾಗಿರ್ಲಿ, ಎರಡು ಚೆನ್ನಾಗಿರ್ಲಿ, ಮೂರು ಚೆನ್ನಾಗಿರ್ಲಿ" ಎನ್ನುತ್ತಿದ್ದಳು. ಅವು ನಮ್ಮ ರಕ್ಷಣಾ ದೋಣಿಗಳ ನಂಬರು. ದೋಣಿಯಲ್ಲಿ ಇವತ್ತು ಇವನು, ನಾಳೆ ಅವನು. ಹೆಸರು ಹಿಡಿದು ಬೇಡಿದರೆ ಯಾರನ್ನಾದರೂ ಮರೆತೇನು ಎಂಬ ಭಯಕ್ಕೆ ಅವಳೇ ಮಾಡಿಕೊಂಡ ಏರ್ಪಾಡು. "ದೇವ್ರಿಗೆ ನಂಬರ್ ಅರ್ಥ ಆಗುತ್ತಾ ಅಕ್ಕಾ?" ಎಂದು ಒಮ್ಮೆ ಕೆಣಕಿದೆ. "ನಿನ್ನಂಥವನಿಗೇ ಆಗುತ್ತೆ, ಅವನಿಗಾಗಲ್ವಾ?" ಎಂದಳು.

ಆ ವರ್ಷದ ನೆರೆ ಅರ್ಧ ಊರನ್ನು ನುಂಗಿತು. ಮೂರನೇ ದೋಣಿಯಲ್ಲಿದ್ದವನು ಅವಳ ತಮ್ಮ. ತಾಯಿ ಹೋದ ಮೇಲೆ ಅವಳೇ ಎತ್ತಿ ಆಡಿಸಿ ಬೆಳೆಸಿದವನು. ಎರಡನೆಯದರಲ್ಲಿ ಅವನಿಗೆ ಈಜು ಕಲಿಸಿದ ಹಿರಿಯ ಚಾಲಕರು. ಅವರ ಮನೆಯೂ ಮುಳುಗಿದ್ದರಿಂದ ಅವರ ಹೆಂಡತಿ ನಮ್ಮ ರೂಮಿನ ಬೆಂಚಿನ ಮೇಲೆಯೇ ಕೂತಿದ್ದರು.

ಮಧ್ಯಾಹ್ನ ಒಂದು ಫೋನ್ ಬಂತು. ಯಾವುದೋ ಮಹಡಿಯಿಂದ ಯಾರೋ ಕಿರುಚುತ್ತಿದ್ದರು: "ನಿಮ್ಮ ಬೋಟು ಮಗುಚ್ತು! ಸೇತುವೆ ಹತ್ರ!" ಯಾವ ಬೋಟೆಂದು ಕೇಳುವಷ್ಟರಲ್ಲಿ ಕಟ್ಟಾಯಿತು. ವಿಷಯ ತಿಳಿದು ಮೈಕಕ್ಕ ಎಲ್ಲ ದೋಣಿಗಳನ್ನೂ ಕರೆದಳು. ಒಂದನೆಯದು ಕೂಡಲೇ ಓಗೊಟ್ಟಿತು. ಉಳಿದೆರಡರಿಂದ ಬರೀ ಕರಕರ ಸದ್ದು.

ಆಗ ಅವಳು ಪಿಸುಗುಟ್ಟಿದ್ದು ನನಗೆ ಕೇಳಿಸಿತು. "ಮೂರಲ್ಲ. ಮೂರಲ್ಲ. ಮೂರು ಆಗಿರಬಾರ್ದು."

ಹಿಂದೆ ಹಿರಿಯರ ಹೆಂಡತಿಯೂ ಕಣ್ಣು ಮುಚ್ಚಿದ್ದರು. ಅವರು ಏನು ಬೇಡುತ್ತಿದ್ದರೆಂದು ಬಿಡಿಸಿ ಹೇಳಬೇಕೇ? ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬಂತಾಯಿತು. ಯಾರ ಮೊರೆಗೆ ಅಸ್ತು ಎನ್ನಬೇಕೋ ತಿಳಿಯದೆ ನಾನು ಫೋನ್ ಹಿಡಿದುಕೊಂಡೇ ಕೂತೆ.

"ಕಂಟ್ರೋಲ್, ಮೂರು ಮಾತಾಡ್ತಿದೀನಿ." ತಮ್ಮನ ದನಿ. "ಎರಡು ಮಗುಚಿದೆ. ನಾವೇ ಹತ್ರ ಇರೋದು. ಸುಳಿ ಜೋರಾಗಿದೆ. ಹೋಗ್ಲಾ?"

ಮೈಕಕ್ಕ ಉಸ್ಸೆಂದಳು. ಉಸ್ಸೆಂದದ್ದು ತನಗೇ ಕೇಳಿಸಿ ಮುಖ ಬಿಳಿಚಿಕೊಂಡಿತು. ಹತ್ತಿರವಿದ್ದ ದೋಣಿಯೇ ಹೋಗಬೇಕೆಂಬುದು ನಮ್ಮ ನಿಯಮ, ಕಳಿಸಬೇಕಾದವಳು ಅವಳು. ಬೆಂಚಿನ ಕಡೆ ತಿರುಗಲೂ ಆಗಲಿಲ್ಲ, ಮೈಕಿನ ಗುಂಡಿ ಒತ್ತಲೂ ಆಗಲಿಲ್ಲ.

"ಕಂಟ್ರೋಲ್? ಅಕ್ಕಾ, ಹೋಗ್ಲಾ?"

"ಹೋಗಿ ಬಾ," ಎಂದಳು.

ಆಮೇಲೆ ಬೇಡಲು ಹೊರಟರೆ ಎಣಿಕೆಯೇ ತಪ್ಪಿತು. ಒಂದು ಎಂದಳು, ಮೂರು ಎಂದಳು, ನಿಲ್ಲಿಸಿಬಿಟ್ಟಳು. ಹಿರಿಯರ ಹೆಂಡತಿ ಎದ್ದು ಬಂದು ಅವಳ ಕೈ ಹಿಡಿದರು. "ಮೂರು ಅನ್ನಮ್ಮ. ನಾನೂ ಮೂರೇ ಅಂತೀನಿ. ಅವ್ನು ಉಳಿದ್ರೆ ತಾನೇ ಇವ್ರು ಉಳಿಯೋದು."

ಸಂಜೆ ಎಲ್ಲರೂ ಮರಳಿದರು, ಕೆಸರಲ್ಲಿ ಹೊರಳಿದ ಎಮ್ಮೆಗಳ ಹಾಗೆ. ಹಿರಿಯರ ಕೈ ಮುರಿದಿತ್ತು, ಅಷ್ಟೇ. ಅವರ ಹೆಂಡತಿ ಅಳುತ್ತಲೇ ನಗುತ್ತ ಮೈಕಕ್ಕನನ್ನು ತಬ್ಬಿಕೊಂಡರು. "ನೀನು ಬೇಡ್ಕೊಂಡಿದ್ದನ್ನ ದೇವ್ರು ನಡೆಸಿಕೊಟ್ಟ ಕಣಮ್ಮಾ."

"ಯಾವ್ದನ್ನ?" ಎಂದಳು ಮೈಕಕ್ಕ.