ಖಾಲಿ ಕೊಡಬಾರದೆಂದು ತುಂಬಿಸಿದ್ದು

ನಿನ್ನೆ ಚಿತ್ರದುರ್ಗದ ಅಂಗಡಿಯಲ್ಲಿ ನನ್ನ ಸಣ್ಣ ಲ್ಯಾಪ್‌ಟಾಪಿನ ಬೆನ್ನು ಬಿಚ್ಚಿದಾಗ ಜರ್ದಾ ವಾಸನೆ ಬಂತು. ನಿಜವಾಗಿ ಬಂತೋ, ನನ್ನ ಮೂಗಿನಲ್ಲೇ ಉಳಿದಿತ್ತೋ... ಥೂ, ಅದು ಹಿರಿಯೂರಿನ ರಿಪೇರಿಯವನ ವಾಸನೆ.

ಬಸ್ ಸ್ಟ್ಯಾಂಡ್ ಪಕ್ಕ ಅವನ ಅಂಗಡಿ. ಜರ್ದಾ ತಿಕ್ಕಿದ ಬೆರಳಲ್ಲೇ ಲ್ಯಾಪ್‌ಟಾಪ್ ಮುಟ್ಟುತ್ತಿದ್ದ. ನೋಡಿದರೇ ವಾಕರಿಕೆ. ಆದರೂ ಹೋಗಿದ್ದೆ. ನನ್ನ ಹಳೆಯ ಹಾರ್ಡ್ ಡಿಸ್ಕ್ ತೆವಳುತ್ತಿತ್ತು. ತೀರಿಹೋದ ಅವ್ವನ ಸೋಬಾನೆ ಪದಗಳು ಅದರಲ್ಲಿದ್ದವು. ಅಕ್ಕಿ ಆರಿಸುತ್ತ ಹಾಡಿದ್ದಳು, ನಾನು ರೆಕಾರ್ಡ್ ಮಾಡಿಕೊಂಡಿದ್ದೆ. ನಡುನಡುವೆ ಕೆಮ್ಮು, ಕೊನೆಗೆ "ಸಾಕೇನೇ?" ಎಂಬ ಮಾತು. ಅವಳ ದನಿ ಅಂತ ಉಳಿದದ್ದು ಅಷ್ಟೇ. ದೊಡ್ಡ ಡಿಸ್ಕ್ ಹಾಕಿ ಎಲ್ಲವನ್ನೂ ಕಾಪಿ ಮಾಡಿಕೊಡಿ ಎಂದಿದ್ದೆ. ಹಳೆಯದು ಗುಜರಿಗೆ ಹೋಯಿತು.

ಮನೆಗೆ ತಂದು ತೆರೆದರೆ ಅವ್ವನ ಪದಗಳ ಪಕ್ಕದಲ್ಲೇ ಯಾರದೋ ಸೀಮಂತದ ಫೋಟೋ, ಯಾರದೋ ಬಾಣಂತಿ ಕೋಣೆ, ಯಾರದೋ ಆಸ್ಪತ್ರೆ ಹಾಸಿಗೆ... ಗುರುತಿಲ್ಲದವರ ಮನೆಯೊಳಗೆ ನನ್ನನ್ನು ನೂಕಿದ ಹಾಗಾಯಿತು. ಮರುದಿನವೇ ಹೋಗಿ ಕೇಳಿದೆ.

"ಜಾಗ ಭಾಳ ಉಳಿದಿತ್ತಲ್ರೀ ಅಕ್ಕಾರೆ," ಎಂದ. "ಖಾಲಿ ಪಾತ್ರೆ ವಾಪಸ್ ಕೊಡಬಾರ್ದು ಅಂತ ನಮ್ಮವ್ವ ಹೇಳ್ತಿತ್ತು. ಅಂಗಡಿಗೆ ಬಂದೋರದ್ದು ಏನಿರುತ್ತೋ ಅದನ್ನ ತುಂಬ್ಸಿ ಕೊಡ್ತೀನಿ."

ನೆರೆಮನೆಯಿಂದ ಸಾರು ಬಂದ ಪಾತ್ರೆಗೆ ಒಂದು ಚೂರು ಬೆಲ್ಲವನ್ನಾದರೂ ಹಾಕಿ ಕಳಿಸುವುದು ನಮ್ಮ ಕಡೆಯ ರೂಢಿ, ನಿಜ. ಅದನ್ನು ತಂದು ಇದಕ್ಕೆ ಹಚ್ಚುವುದೇ?

"ಹಂಗಾದ್ರೆ ನಂದು ಯಾರಿಗೆ ಹೋಗೈತ್ರೀ?"

"ಯಾರ್ ಯಾರಿಗೋ ಹೋಗೈತೆ ಬಿಡ್ರಿ. ನಿಮ್ಮವ್ವಾರು ಭಾಳ ಚೆನ್ನಾಗಿ ಹಾಡ್ತಾರೆ," ಎಂದು ಜರ್ದಾ ಉಗಿದು ನಕ್ಕ.

ಅವ್ವನ ಕೆಮ್ಮನ್ನು ಇವನು ಜರ್ದಾ ಅಗಿಯುತ್ತ ಕೂತು ಕೇಳಿದ್ದನಲ್ಲ! ಬಾಯಿಗೆ ಬಂದಂತೆ ಬೈದು ಬಂದವಳು ಮತ್ತೆ ಆ ಅಂಗಡಿಯ ಮೆಟ್ಟಿಲು ಹತ್ತಲಿಲ್ಲ. ಮನೆಗೆ ಬಂದು ಪರರ ಫೋಟೋಗಳನ್ನೆಲ್ಲ ಅಳಿಸಿ, ಸೋಪು ಹಚ್ಚಿ ಕೈ ತೊಳೆದುಕೊಂಡೆ.

ಈಗ ಅವನಿಲ್ಲ, ತೀರಿಕೊಂಡ. ಅಂಗಡಿಯ ಜಾಗದಲ್ಲಿ ಎಳನೀರು ರಾಶಿ ಹಾಕಿದ್ದಾರೆ. ಅವನು ಹಾಕಿಕೊಟ್ಟ ಡಿಸ್ಕೂ ಸತ್ತಿದೆ. "ಇದ್ರಾಗೆ ಏನೂ ಬರಲ್ರೀ ಮೇಡಂ," ಎಂದು ದುರ್ಗದ ಅಂಗಡಿಯವರು ನಿನ್ನೆ ಕೈಚೆಲ್ಲಿದರು.

ಅವನ ಮೇಲಿನ ಹೇಸಿಗೆ ಇವತ್ತಿಗೂ ಹೋಗಿಲ್ಲ. ಆದರೆ ಅವ್ವನ ದನಿ ಇನ್ನು ಎಲ್ಲಾದರೂ ಇದ್ದರೆ, ಅವನು ತುಂಬಿಸಿಕೊಟ್ಟ ಯಾರದೋ ಲ್ಯಾಪ್‌ಟಾಪಿನಲ್ಲೇ ಇರಬೇಕು. ನಿಮ್ಮದರಲ್ಲಿ ಗುರುತಿಲ್ಲದ ಮುದುಕಿಯೊಬ್ಬಳು ಹಾಡಿ, ಕೆಮ್ಮಿ, ಸಾಕೇನೇ ಎಂದು ಕೇಳಿದರೆ... ಹೇಸಿಕೊಂಡು ಅಳಿಸಿಬಿಡಬೇಡಿ.