ಗ್ರಾಂ ಮಾಮನ ಸೈಕಲ್ಲು

ಕನ್ನಡಕದಂಗಡಿಯ ಮಾಲೀಕರನ್ನು ಬೀದಿಯವರೆಲ್ಲ ಗ್ರಾಂ ಮಾಮ ಎಂದು ಕರೆಯುವುದು ಸುಮ್ಮನೆ ಅಲ್ಲ. ಗುಡ್ಡ ಹತ್ತುವ ತಮ್ಮ ಗೇರ್ ಸೈಕಲ್ಲಿಗೆ ಹೊಸ ಪೆಡಲ್ ತಂದರೂ ಹೊಸ ಬೋಲ್ಟ್ ತಂದರೂ ಮೊದಲು ಅಡುಗೆಮನೆಯ ತಕ್ಕಡಿಯಲ್ಲಿಟ್ಟು ತೂಗುತ್ತಾರೆ. ಹಳೆಯದಕ್ಕಿಂತ ನಾಲ್ಕು ಗ್ರಾಂ ಕಡಿಮೆಯಿದ್ದರೆ ಮನೆಯಲ್ಲಿ ಮಗು ಹುಟ್ಟಿದಷ್ಟು ಸಂಭ್ರಮ. ಕಣ್ಣು ತೋರಿಸಲು ಬಂದವರಿಗೂ ಉಪದೇಶ ತಪ್ಪದು: "ಮೊದ್ಲು ಟೈರ್ ಬದಲಾಯ್ಸಿ, ಆಮೇಲೆ ಬ್ರೇಕು. ಮಿಕ್ಕಿದ್ದೆಲ್ಲ ಬರೀ ಶೋಕಿ." ಆ ಶೋಕಿಯೆಲ್ಲ ಅವರ ಸೈಕಲ್ಲಿನ ಮೇಲೇ ಇದೆ. "ರೀ, ಆ ಹೊಟ್ಟೆ ಕರಗಿಸಿದ್ರೆ ಬಿಟ್ಟಿಯಾಗಿ ಹತ್ತು ಕೇಜಿ ಇಳೀತಿತ್ತು," ಎನ್ನುತ್ತಾರೆ ಹೆಂಡತಿ. ದಿನವೂ ಊರಾಚೆಯ ಗುಡ್ಡ ಹತ್ತಿ ಬರುತ್ತಿದ್ದ ಆಕೆ, ಮಂಡಿ ಕೈಕೊಟ್ಟ ಮೇಲೆ ಎರಡು ವರ್ಷದಿಂದ ಅದನ್ನು ಕಿಟಕಿಯಿಂದಲೇ ನೋಡುತ್ತಾರೆ. ಹೋದ ತಿಂಗಳು ಮಾಮ ಅದೇ ಸೈಕಲ್ಲಿಗೆ ದಪ್ಪ ಕಬ್ಬಿಣದ ಕ್ಯಾರಿಯರ್ ಬಿಗಿಸಿ, ಮೇಲೊಂದು ದಿಂಬು ಕಟ್ಟಿಸಿದರು. "ಇದಕ್ಕೆ ಕ್ಯಾರಿಯರ್ರಾ ಮಾಮ?" ಎಂದು ಮೆಕ್ಯಾನಿಕ್ ಹಣೆ ಚಚ್ಚಿಕೊಂಡ. ಈಗ ಪ್ರತಿ ಭಾನುವಾರ ಹೆಂಡತಿಯನ್ನು ಅದರ ಮೇಲೆ ಕೂರಿಸಿ, ಏದುಸಿರು ಬಿಡುತ್ತ ಗುಡ್ಡಕ್ಕೆ ತಳ್ಳಿಕೊಂಡು ಹೋಗುತ್ತಾರೆ. "ಇಷ್ಟೊಂದು ಗೇರ್ ಹಾಕ್ಸಿದ್ದೀರಲ್ಲ, ಹತ್ತಿ ತುಳೀರೀ!" ಎಂದು ಆಕೆ ಛೇಡಿಸಿದರೆ, ಮಾಮ ಹ್ಯಾಂಡಲ್ ಬಿಗಿಹಿಡಿದು ಇನ್ನಷ್ಟು ಬಲವಾಗಿ ತಳ್ಳುತ್ತಾರೆ.